ಕೆಂಪು ಪಟ್ಟಿಯ ಪಾತ್ರೆಗಳು

ಕೊಲ್ಲಿ ನಾಡಿನ ಈ ನಗರದ ಮೈದಾನ್ ಹವಲ್ಲಿ ಬಡಾವಣೆಯಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಕನ್ನಡ ಬಳಗದ ಉಗ್ರಾಣವಿದೆ. ಭಜನಾ ಮಂಡಳಿಗೆ ಮೈಕು, ಶುಕ್ರವಾರದ ಕನ್ನಡ ತರಗತಿಗೆ ಕುರ್ಚಿ, ವಾಲಿಬಾಲ್ ತಂಡಕ್ಕೆ ಬಲೆ, ಊಟ ಹಾಕಿಸುವವರಿಗೆ ದೊಡ್ಡ ಪಾತ್ರೆ, ಎಲ್ಲ ಅಲ್ಲಿಂದಲೇ ಹೋಗುತ್ತವೆ. ಅದರ ಹೊಣೆ ಧನಂಜಯ್ ಅವರದು. ಹಾಸನದ ಕಡೆಯವರು, ಸಾಲ್ಮಿಯಾದಲ್ಲಿ ಮನೆ, ಕುಡಿಯುವ ನೀರಿನ ಘಟಕವೊಂದರಲ್ಲಿ ಎಂಜಿನಿಯರ್. ವಾಪಸು ಬಂದ ಮೈಕನ್ನು ಪರೀಕ್ಷಿಸದೆ ಒಳಗಿಡುವವರಲ್ಲ. ಯಾವ ಗುಂಪು ಕೇಳಿದರೂ ಇಲ್ಲ ಎಂದವರಲ್ಲ.

ಪಾತ್ರೆಗಳಿಗೆ ಬಳಗದಲ್ಲೊಂದು ಪದ್ಧತಿಯಿದೆ. ಮಾಂಸದ ಅಡುಗೆಯವಕ್ಕೆ ಕಂಠದ ಸುತ್ತ ಕೆಂಪು ಪಟ್ಟಿ, ಸಸ್ಯಾಹಾರದವಕ್ಕೆ ಹಸಿರು. ಕೊಡುವ ಮೊದಲು ಯಾವುದು ಬೇಕೆಂದು ಧನಂಜಯ್ ಕೇಳುತ್ತಾರೆ. ಡಾಕ್ಟರರ ಮನೆಯ ನಾಮಕರಣಕ್ಕೂ ಕೇಳಿದ್ದರು, ಬ್ಯಾಂಕಿನವರ ವನಭೋಜನಕ್ಕೂ ಕೇಳಿದ್ದರು. ವಫ್ರಾದ ಮಲಕಾಜಪ್ಪನವರನ್ನು ಕೇಳಲಿಲ್ಲ.

ಮಲಕಾಜಪ್ಪ ಬಾಗಲಕೋಟೆಯವರು, ನಗರದಿಂದ ದೂರದ ವಫ್ರಾದ ತೋಟವೊಂದರಲ್ಲಿ ಪಂಪು ನೋಡಿಕೊಳ್ಳುವ ಮೆಕ್ಯಾನಿಕ್. ಸುತ್ತಲಿನ ತೋಟದವರಿಗೆಲ್ಲ ಒಂದು ಊಟ ಹಾಕುತ್ತೇವೆ, ಪಾತ್ರೆ ಬೇಕಿತ್ತು ಎಂದು ಫೋನ್ ಮಾಡಿದ್ದರು. ತೋಟದ ಕೆಲಸಗಾರರ ಊಟ ಎಂದೊಡನೆ ಧನಂಜಯ್ ತಲೆಯೊಳಗೆ ಮಟನ್ ಕುದಿಯತೊಡಗಿತ್ತು. ಬಳಗದ ವ್ಯಾನ್ ಓಡಿಸುವ ಅಜ್ಮಲ್‌ಗೆ, "ಕೆಂಪು ಪಟ್ಟಿಯವು ಹಾಕು," ಎಂದುಬಿಟ್ಟರು.

ಶುಕ್ರವಾರ ಮಧ್ಯಾಹ್ನ ಹೆಂಡತಿ ಸ್ಪಂದನಾ ಜೊತೆ ಧನಂಜಯ್ ಅವರೂ ಊಟಕ್ಕೆಂದು ವಫ್ರಾಕ್ಕೆ ಹೋದರು. ಶೆಡ್ಡಿನ ಗೋಡೆಯ ಮೇಲೆ ಬಸವಣ್ಣನ ಚಿತ್ರ, ಅದಕ್ಕೊಂದು ಹೂಮಾಲೆ. ಬಸವ ಜಯಂತಿಯ ದಾಸೋಹ ಅದು. ಒಲೆಗಳ ಮೇಲೆ ಕೆಲಸಗಾರರ ಕೋಣೆ ಕೋಣೆಯಿಂದ ತಂದ ಪುಟ್ಟ ಕುಕ್ಕರುಗಳಲ್ಲಿ ಅನ್ನ ಬೇಯುತ್ತಿತ್ತು. ಒಂದು ಪಂಕ್ತಿ ಕೂತಿತ್ತು. ಅದರ ಇಮ್ಮಡಿ ಜನ ತಲೆಗೆ ಟವೆಲ್ ಹಾಕಿಕೊಂಡು ಬಿಸಿಲಿನಲ್ಲಿ ನಿಂತಿದ್ದರು. ಬಳಗದ ದೊಡ್ಡ ಪಾತ್ರೆಗಳು ಗೊಬ್ಬರದ ಚೀಲಗಳ ಪಕ್ಕ ಬೋರಲಾಗಿದ್ದವು.

"ಬರ್ರಿ ಸರ್, ಬರ್ರಿ ಅಕ್ಕಾರ," ಎಂದು ಮಲಕಾಜಪ್ಪ ಕೈ ಒರೆಸಿಕೊಂಡು ಬಂದರು.

"ಪಾತ್ರೆ ಬಳಸಲೇ ಇಲ್ವಲ್ಲ?" ಎಂದು ಸ್ಪಂದನಾ ಕೇಳಿದರು.

"ಕೆಂಪ ಪಟ್ಟಿ ಅದಾವಲ್ರೀ ಅಕ್ಕಾರ. ಇದು ದಾಸೋಹದ ಅಡಿಗಿ."

ಧನಂಜಯ್ ತಡಮಾಡಲಿಲ್ಲ. "ಅಜ್ಮಲ್ ತಪ್ಪಿ ಹಾಕಿರ್ಬೇಕು. ಅವನಿಗೆ ಎಷ್ಟು ಹೇಳಿದ್ರೂ ಅಷ್ಟೇ."

ಮಲಕಾಜಪ್ಪ ನೆಲ ನೋಡಿದರು. ಅಡುಗೆ ಮಾಡುತ್ತಿದ್ದ ಅವರ ಹೆಂಡತಿ ನೀಲವ್ವ ಸೌಟು ಹಿಡಿದೇ ತಿರುಗಿದರು.

"ಆ ಹುಡುಗನ್ನ ಯಾಕ ಬೈತೀರಿ ಸರ್? ಬಸವಣ್ಣನ ಫೋಟೋ ನೋಡಿ ಅಂವ ಗಾಬರ್‍ಯಾದ. ಸರ್ ಕೆಂಪದ್ದ ಹಾಕು ಅಂದ್ರು, ಅವ್ರಿಗೆ ಫೋನ್ ಹಚ್ಲೇನು ಅಂತ ಕೇಳಿದ. ನಮ್ಮ ಯಜಮಾನ್ರ ಬ್ಯಾಡ ಅಂದ್ರು."

"ಯಾಕೆ ಬೇಡ ಅಂದ್ರಿ?" ಧನಂಜಯ್ ಧ್ವನಿ ಅವರಿಗೇ ಕೇಳಿಸುವಷ್ಟಿತ್ತು.

"ಕೇಳಿದ ಕೂಡ್ಲೆ ಕೊಟ್ರಿ," ಎಂದರು ಮಲಕಾಜಪ್ಪ. "ಕೊಟ್ಟವರಿಗೆ ಇದು ಬ್ಯಾಡ, ಬ್ಯಾರೇ ಕೊಡ್ರಿ ಅನ್ನೂದು ಹ್ಯಾಂಗ್ರಿ?"

"ಅಷ್ಟ ಅಲ್ಲ," ಎಂದರು ನೀಲವ್ವ. "ತ್ವಾಟದಾಗ ಇರೋರು ಏನರ ತಿಂತಾರ ಅಂತ ತಿಳಕೊಂಡಾರ, ಇರ್ಲಿ ಬಿಡು ಅಂತ ಇವ್ರ ಅಂದ್ರು. ನನಗಂತೂ ಸಿಟ್ಟ ಬಂದಿತ್ರಿ ಸರ್, ಸುಳ್ಳ ಯಾಕ ಹೇಳ್ಲಿ."

ಸ್ಪಂದನಾ ಗಂಡನ ಕಡೆ ನೋಡಲಿಲ್ಲ. ನೋಡದಿದ್ದುದೇ ಧನಂಜಯ್ ಅವರಿಗೆ ಹೆಚ್ಚು ಚುಚ್ಚಿತು.

"ನಾನೇ ಹೇಳಿದ್ದು," ಎಂದರು. "ನಿಮ್ಮನ್ನ ಕೇಳ್ಬೇಕಿತ್ತು, ಕೇಳಲಿಲ್ಲ. ನಾವು ಕಡೇ ಪಂಕ್ತೀಲಿ ಕೂರ್ತೀವಿ."

"ಬಂದ ಮಂದಿ ಕಡೀಕ ಉಣ್ಣಬಾರದ್ರಿ. ಕುಂದರ್ರಿ," ಎಂದು ಮಲಕಾಜಪ್ಪ ಭುಜ ಹಿಡಿದು ಕೂರಿಸಿದರು. ನೀಲವ್ವ ಹುಗ್ಗಿ ಬಡಿಸಿದರು, ಮೇಲೆ ತುಪ್ಪ ಹಾಕಿದರು, ಸಾಕೆಂದರೂ ಇನ್ನೊಂದು ಸೌಟು ಹಾಕಿದರು. ದಾಸೋಹದ ಊಟವನ್ನು ಬಿಟ್ಟು ಏಳುವಂತಿಲ್ಲ. ಬಿಸಿಲಿನಲ್ಲಿ ಕಾಯುತ್ತಿದ್ದವರು ಎದುರಿಗೇ ಇದ್ದರು. ಧನಂಜಯ್ ತಲೆಯೆತ್ತದೆ ಕೊನೆಯ ಅಗುಳಿನವರೆಗೂ ಉಂಡರು. ಎದ್ದು ಕೈತೊಳೆದು ನೀರಿನ ಜಗ್ಗು ಹಿಡಿದು, ಕೊನೆಯ ಪಂಕ್ತಿ ಏಳುವವರೆಗೂ ಬಡಿಸುತ್ತ ಓಡಾಡಿದರು. ಅದರಿಂದ ಅವರ ಮುಖವೇನೂ ಹಗುರಾಗಲಿಲ್ಲ.

ಕಾರು ಹತ್ತಿದ ಮೇಲೆ ಸ್ಪಂದನಾ ಒಂದೇ ಮಾತು ಹೇಳಿದರು. "ಅಜ್ಮಲ್‌ಗೆ ಫೋನ್ ಮಾಡಿ."

ಧನಂಜಯ್ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಮಾಡಿದರು. "ಅಜ್ಮಲ್, ಪಾತ್ರೆ ವಿಷಯದಲ್ಲಿ ಇವತ್ತು ನಾನು ಅವರ ಮುಂದೆ ನಿನ್ನ ಹೆಸರು ಹೇಳಿಬಿಟ್ಟೆ."



"ಆಯ್ತು ಸರ್," ಎಂದ ಅಜ್ಮಲ್. "ನಾಳೆ ಪಾತ್ರೆ ತರ್ಲಿಕ್ಕೆ ನಾನೇ ಹೋಗ್ಬೇಕಲ್ಲ. ಅವ್ರು ಕೇಳಿದ್ರೆ ಎಂತ ಹೇಳ್ಬೇಕು, ತಪ್ಪು ನಂದೇ ಅಂತಲಾ?"