ಕಲ್ಲೇಶಪ್ಪ ಮೇಷ್ಟ್ರು ಆರಿಸಿದ ರೆಕ್ಕೆ

ನ್ಯಾಮತಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಕಲ್ಲೇಶಪ್ಪ ಮೇಷ್ಟ್ರಿಗೆ ತಾವು ವಿಮಾನದ ಕಾರ್ಖಾನೆಯಲ್ಲಿರಬೇಕಾದವರು ಎಂಬ ಗುಮಾನಿ ಇತ್ತು. ವಿಮಾನವನ್ನು ಅವರು ಹತ್ತಿರದಿಂದ ಕಂಡವರೇ ಅಲ್ಲ. ೧೯೮೨ರಲ್ಲಿ ಹೊನ್ನಾಳಿಯ ವಿಜ್ಞಾನ ಪ್ರದರ್ಶನದಲ್ಲಿ ಶಿಕ್ಷಕರಿಗೂ ಒಂದು ಸ್ಪರ್ಧೆ ಇಟ್ಟರು. ಕೈಯಿಂದ ಎಸೆಯುವ ಪುಟ್ಟ ವಿಮಾನ ಮಾಡಿ ತರಬೇಕು. ಮೂರು ಎಸೆತಗಳ ದೂರ ಕೂಡಿಸುತ್ತಾರೆ. ಸುದ್ದಿ ತಿಳಿದ ದಿನವೇ ಮೇಷ್ಟ್ರ ಮನೆಯ ಪಡಸಾಲೆ ಕಾರ್ಖಾನೆಯಾಯಿತು.

ಬೆಂಡಿನಲ್ಲಿ ಕೊರೆದ ಮೊದಲ ರೆಕ್ಕೆ ಉದ್ದ, ಸಪೂರ. ಶಾಲೆಯ ದೊಡ್ಡ ಕೋಣೆಯಲ್ಲಿ ಕಿಟಕಿ ಮುಚ್ಚಿ ಎಸೆದರೆ ಮೂವತ್ತು ಹೆಜ್ಜೆ ಹಾರಿತು. ಎರಡು ದಿನ ಮೇಷ್ಟ್ರನ್ನು ಹಿಡಿಯುವವರಿರಲಿಲ್ಲ. ಮೂರನೆಯ ದಿನ ಹೆಂಡತಿ ಸರ್ವಮಂಗಳಮ್ಮನನ್ನು ಬಯಲಿಗೆ ಕರೆದೊಯ್ದು, "ಎಸೆದು ನೋಡು" ಎಂದರು. ಆಕೆ ಎಸೆದರು. ಅಡ್ಡಗಾಳಿ ಬೀಸಿ ವಿಮಾನ ಮಗುಚಿ ಕಾಲಬುಡಕ್ಕೇ ಬಿತ್ತು.

"ಹಂಗೆ ಎಸೀತಾರೇನೇ? ಕೈ ನೆಟ್ಟಗಿರ್ಬೇಕು."

"ನನ್ ಕೈ ಇರೋದೇ ಹಿಂಗೆ ಕಣ್ರೀ. ಗಾಳೀನೂ ನೆಟ್ಟಗಿಲ್ಲ. ಇಬ್ರಿಗೂ ಡ್ರಾಯಿಂಗ್ ಕಲ್ಸಾಕೆ ಆಗ್ತೈತಾ? ರೆಕ್ಕೆ ಬದಲಾಯಿಸ್ರಿ!"

ಊಟದ ಹೊತ್ತಿನವರೆಗೆ ಮುನಿಸಿಕೊಂಡಿದ್ದ ಮೇಷ್ಟ್ರಿಗೆ, ಮುದ್ದೆ ಮುರಿಯುವಾಗ ಮಾತು ಸರಿ ಅನ್ನಿಸಿತು. ಬೇರೆ ಬೇರೆ ಆಕಾರದ ನಾಲ್ಕು ರೆಕ್ಕೆ ಮಾಡಿದರು. ಬೆಳಿಗ್ಗೆ, ಸಂಜೆ, ಗಾಳಿ ಹೇಗೇ ಇರಲಿ, ಒಂದೊಂದನ್ನೂ ಸರ್ವಮಂಗಳಮ್ಮ ಇಪ್ಪತ್ತು ಸಲ ಎಸೆದರು. ಪ್ರತಿ ರೆಕ್ಕೆಯ ಅತಿ ದೂರದ ಎಸೆತ ಬಿಟ್ಟು, ಅತಿ ಹತ್ತಿರ ಬಿದ್ದದ್ದನ್ನೇ ಮೇಷ್ಟ್ರು ಲೆಕ್ಕಕ್ಕೆ ಬರೆದುಕೊಂಡರು. ಕೊನೆಗೆ ಗೆದ್ದದ್ದು ಗಿಡ್ಡ, ಅಗಲ, ತುದಿ ತುಸು ಮೇಲೆತ್ತಿದ ರೆಕ್ಕೆ. ಎಷ್ಟು ಚೆನ್ನಾಗಿ ಹಾರಿದರೂ ಇಪ್ಪತ್ತೆರಡು ಹೆಜ್ಜೆ. ಎಷ್ಟು ಕೆಟ್ಟರೂ ಹದಿನೆಂಟು.

"ಒಳ್ಳೆ ಕೋಳಿ ಇದ್ದಂಗೈತೆ," ಎಂದರು ಸರ್ವಮಂಗಳಮ್ಮ.

"ನಿನ್ ಕೈಯಾಗೂ ಹಾರ್ತೈತಲ್ಲ, ಸಾಕು."

ಹೊನ್ನಾಳಿಯ ಮೈದಾನದಲ್ಲಿ ಸಾಸ್ವೆಹಳ್ಳಿಯ ಬೆನಕಪ್ಪ ಮೇಷ್ಟ್ರ ತೆಳು ರೆಕ್ಕೆಯ ವಿಮಾನ ಮೊದಲ ಸಲ ಮೂವತ್ತೈದು ಹೆಜ್ಜೆ ಹೋಯಿತು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಹೊಳೆ ಕಡೆಯಿಂದ ಗಾಳಿ ಎದ್ದು, ಎರಡನೆಯದು ಎಂಟು, ಮೂರನೆಯದು ಆರು. ಅದೇ ಗಾಳಿಯಲ್ಲಿ ಎಸೆಯುವಾಗ ಕಲ್ಲೇಶಪ್ಪನವರ ಕೈಯೂ ನೆಟ್ಟಗಿರಲಿಲ್ಲ. ಆದರೂ ಅವರ ವಿಮಾನ ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತೊಂದು ಹೆಜ್ಜೆ ಹಾರಿ ಮೊದಲ ಬಹುಮಾನ ತಂದಿತು: ಒಂದು ಸ್ಟೀಲ್ ಜಗ್ಗು.

ಮೇಷ್ಟ್ರು ಭಾಷಣಕ್ಕೆ ನೋಟ್‌ಬುಕ್ ಬಿಚ್ಚಿದರು. ಎದುರಿದ್ದವರಿಗೆ ಅರ್ಧ ಗಂಟೆ ಆಕಳಿಕೆ. ಆದರೆ ಕೊನೆಯ ಮಾತು ಎಲ್ಲರಿಗೂ ಕೇಳಿಸಿತು: "ಎಂಬತ್ತು ಸಲ ಎಸೆದು ಈ ರೆಕ್ಕೆ ಆರ್ಸಿಕೊಟ್ಟೋರು ನಮ್ಮನೆಯವ್ರು. ಅಲ್ಲಿ ಕುಂತಾರೆ ನೋಡ್ರಿ."

ಎಲ್ಲರೂ ತಿರುಗಿದರು. ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಎರಡೂ ಕೈ ಜೋಡಿಸಿದರು.