ಬಾಲ ಎತ್ತಿದ ಮಾತು

ಆಸ್ಪತ್ರೆಯ ಟೆಲಿಫೋನ್ ಕುರ್ಚಿಯಲ್ಲಿ ಆಪರೇಟರಮ್ಮ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ತನಗೊಂದು ಹೆಸರಿದೆ ಅನ್ನುವುದನ್ನು ಗಂಡನೂ ಮರೆತಿದ್ದಾನೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಡಾಕ್ಟರುಗಳು ಬಂದರು, ಹೋದರು. ಕುರ್ಚಿಯ ರೆಕ್ಸಿನ್ ಮೂರು ಸಲ ಹರಿದು ಮೂರು ಸಲ ಹೊಲಿಗೆ ಹಾಕಿಸಿಕೊಂಡಿತು. ಅವಳು ಮಾತ್ರ ಅಲ್ಲಾಡಲಿಲ್ಲ. ಅವಳ ಇಂಗ್ಲಿಷಿನಲ್ಲಿ ತಪ್ಪು ಹುಡುಕುವ ಧೈರ್ಯ ಯಾರಿಗೂ ಇರಲಿಲ್ಲ. ಹುಡುಕಿದ್ದರೂ ಸಿಗುತ್ತಿರಲಿಲ್ಲ ಬಿಡಿ.

ಒಂದೇ ಒಂದು ಅಭ್ಯಾಸವಿತ್ತು. ಹಳೆಯ ಕಾಲದ ಲೈನುಗಳಲ್ಲಿ ಗರಗರ ಸದ್ದು ವಿಪರೀತ. ಮಾತಿನ ಕೊನೆಗೆ ದನಿ ಇಳಿಸಿದರೆ ಆ ಕಡೆಯವರು ಲೈನ್ ಹೋಯಿತೆಂದು ಫೋನ್ ಇಟ್ಟುಬಿಡುತ್ತಿದ್ದರು. ಅದಕ್ಕೇ ಆಪರೇಟರುಗಳು ಕೊನೆಯ ಪದವನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಹೊಸ ಯಂತ್ರ ಬಂದು, ಲೈನು ಸ್ವಚ್ಛವಾಗಿ ಎಷ್ಟೋ ವರ್ಷ ಕಳೆದರೂ ಅವಳ ಮಾತಿನ ಬಾಲ ಕೆಳಗಿಳಿಯಲಿಲ್ಲ.

ಪಕ್ಕದ ಕುರ್ಚಿಗೆ ನಾದಿನಿಯನ್ನು ತಂದು ಕೂರಿಸಿದವಳೂ ಅವಳೇ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಆ ಹುಡುಗಿಗೆ ಇಂಗ್ಲಿಷ್ ಕಲಿಸಿದ್ದಳು. ಈಗ ನೋಡಿದರೆ, ವ್ಯಾಕರಣದಲ್ಲಿ ನೂರೆಂಟು ತೂತಿರುವ ಆ ಹುಡುಗಿಯನ್ನೇ ಜನ ಕೇಳಿಕೊಂಡು ಫೋನ್ ಮಾಡುತ್ತಿದ್ದರು. “ಆ ಇನ್ನೊಬ್ರು ಮೇಡಂ ಇಲ್ವಾ?” ಅನ್ನುತ್ತಿದ್ದರು. ತಾನು ಕಲಿಸಿದ ಬಾಯಿ ತನ್ನ ಎದುರಿಗೇ ಹೊಗಳಿಸಿಕೊಳ್ಳುವುದನ್ನು ಯಾರು ತಾನೇ ಸಹಿಸುತ್ತಾರೆ? ಆಪರೇಟರಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅಷ್ಟರಲ್ಲಿ ಆಡಳಿತದವರಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಫೋನ್ ಮಾಡಿದವರಿಗೆ ಮೊದಲು ರೆಕಾರ್ಡ್ ಆದ ದನಿ ಕೇಳಿಸುತ್ತದೆ. ಇಬ್ಬರಲ್ಲಿ ಯಾರ ದನಿ ಆಯ್ಕೆಯಾಗುತ್ತದೋ ಅವರು ಫೋನ್ ಕೋಣೆಯಲ್ಲಿ ಉಳಿಯುತ್ತಾರೆ, ಇನ್ನೊಬ್ಬರು ನೆಲಮಾಳಿಗೆಯ ಕಡತಗಳ ಕೋಣೆಗೆ. ಇಂಗ್ಲಿಷ್ ಮಾತಿನ ಏರಿಳಿತಕ್ಕೆ ಮೂರು ವಾರ ತರಬೇತಿ, ಆಮೇಲೆ ಪರೀಕ್ಷೆ.

ತರಬೇತಿಗೆ ಬಂದ ಟೀಚರು ಮೊದಲ ದಿನವೇ ಗಾಳಿಯಲ್ಲಿ ಕೈಯಿಂದ ಗೆರೆ ಎಳೆದು ತೋರಿಸಿದರು.

“ಇದ್ದದ್ದನ್ನ ಹೇಳಿ ಮುಗಿಸುವಾಗ ದನಿ ಇಳೀಬೇಕು. ಹೌದೋ ಅಲ್ಲವೋ ಅಂತ ಕೇಳುವಾಗ ಏರ್ಬೇಕು. ಎಲ್ಲಿ, ಯಾವಾಗ, ಯಾಕೆ ಅಂತ ಕೇಳಿದ್ರೆ ಸಾಮಾನ್ಯವಾಗಿ ಮತ್ತೆ ಇಳಿಯೋದೇ. ಎಲ್ಲ ಪದಕ್ಕೂ ಒಂದೇ ತೂಕ ಬೇಡ, ಮುಖ್ಯವಾದ ಪದದ ಮೇಲೆ ಒತ್ತು ಬೀಳ್ಲಿ.”

ಆಮೇಲೆ ಇಬ್ಬರಿಂದಲೂ ಒಂದು ವಾಕ್ಯ ಹೇಳಿಸಿದರು: ‘ಯುವರ್ ಫಾದರ್ ಈಸ್ ಔಟ್ ಆಫ್ ಡೇಂಜರ್.’ ಆಪರೇಟರಮ್ಮ ಹೇಳಿದಳು. ಟೀಚರು ಪೆನ್ನು ಕೆಳಗಿಟ್ಟರು.

“ಅಪಾಯ ಇಲ್ಲ ಅಂತ ನೀವು ಅವರಿಗೆ ಹೇಳ್ತಿದೀರೋ, ಅವರನ್ನ ಕೇಳ್ತಿದೀರೋ?”

ನಾದಿನಿ ಹೇಳಿದಳು. ‘ಡೇಂಜರ್’ ಅನ್ನುವಾಗ ಅವಳ ದನಿ ಮೆಲ್ಲಗೆ ಇಳಿದು ನಿಂತಿತು. “ಈಗ ಫೋನ್ ಮಾಡಿದ ಮಗ ನೆಮ್ಮದಿಯಾಗಿ ಊಟ ಮಾಡ್ತಾನೆ,” ಎಂದರು ಟೀಚರು. ಆಪರೇಟರಮ್ಮ ಆ ಮಧ್ಯಾಹ್ನ ತನ್ನ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ.

ಸಂಜೆ ಮನೆಯಲ್ಲಿ ನಾದಿನಿ ನಡುಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು. ಆಪರೇಟರಮ್ಮ ಬಾಗಿಲ ಹಿಂದೆ ಬಟ್ಟೆ ಮಡಿಸುತ್ತಾ ನಿಲ್ಲುತ್ತಿದ್ದಳು. ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುತ್ತಾ, ತುಟಿ ಮಾತ್ರ ಅಲ್ಲಾಡಿಸುತ್ತಾ, ಆ ಏರನ್ನೂ ಇಳಿವನ್ನೂ ಕದ್ದು ಕಲಿತಳು. ಹೇಳಿಕೊಡು ಎಂದು ಕೇಳುವುದೇ? ಪ್ರಾಣ ಹೋದರೂ ಇಲ್ಲ.

ಪರೀಕ್ಷೆಯ ಹಿಂದಿನ ಸಂಜೆ ನಾದಿನಿ ಹಾಳೆ ಹಿಡಿದು ಬಂದಳು. “ಅತ್ತಿಗೆ, ಕೊನೇ ವಾಕ್ಯ ನೋಡಿ. ‘ಹೆಲ್ಪ್ ಈಸ್ ಆನ್ ದ ವೇ.’ ಇಳಿಸ್ಬೇಕು ಅನ್ಸುತ್ತೆ. ಆದ್ರೆ ಫೋನಿನ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಇಳಿಸಬೇಕು. ಮೂರು ವಾರ ಬಾಗಿಲ ಹಿಂದೆ ನಿಂತವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ?

“ಎತ್ತು,” ಎಂದಳು ಆಪರೇಟರಮ್ಮ. “ಫೋನಲ್ಲಿ ಕೊನೇ ಪದ ಯಾವಾಗ್ಲೂ ಎತ್ತಬೇಕು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದಿದೀನಿ.”

ಇದು ಸುಳ್ಳೇನಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನವೇನೂ ಆಗಲಿಲ್ಲ.

ಮರುದಿನ ನಾದಿನಿಯ ಸರದಿ ಮೊದಲು. ಒಂಬತ್ತು ವಾಕ್ಯ ಬೆಣ್ಣೆಯಂತೆ ಹೋದವು. ಹತ್ತನೆಯದರಲ್ಲಿ ದನಿ ಮೇಲಕ್ಕೆದ್ದಿತು. ಸಹಾಯ ಬರುತ್ತಿದೆಯೋ ಇಲ್ಲವೋ ಅವಳಿಗೇ ಗೊತ್ತಿಲ್ಲ ಎಂಬಂತೆ ಕೇಳಿಸಿತು. ಟೀಚರು ಹುಬ್ಬುಗಂಟಿಕ್ಕಿದರು.

“ದಿನಾ ಸರಿಯಾಗಿ ಹೇಳ್ತಿದ್ರಿ. ಇದನ್ನ ಯಾರು ಹೇಳ್ಕೊಟ್ರು?”

ನಾದಿನಿ ಹಾಳೆಯಿಂದ ಕಣ್ಣು ಎತ್ತಲಿಲ್ಲ. “ಯಾರೂ ಇಲ್ಲ ಮೇಡಂ. ಗಾಬರಿ ಆಯ್ತು.”

ಆಪರೇಟರಮ್ಮ ಹತ್ತೂ ವಾಕ್ಯಗಳನ್ನು ಇಳಿಸಬೇಕಾದಲ್ಲಿ ಇಳಿಸಿ, ಒತ್ತಬೇಕಾದಲ್ಲಿ ಒತ್ತಿ ಹೇಳಿ ಮುಗಿಸಿದಳು. ಟೀಚರು ಆಶ್ಚರ್ಯದಿಂದ ಅವಳ ಮುಖವನ್ನೇ ನೋಡಿದರು. ಕುರ್ಚಿ ಉಳಿಯಿತು.

ಮುಂದಿನ ಸೋಮವಾರ ರೆಕಾರ್ಡ್ ದನಿಯ ಯಂತ್ರ ಕೆಲಸ ಶುರುಮಾಡಿತು. ನಾದಿನಿ ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಾಗ ಸ್ಪೀಕರಿನಲ್ಲಿ ಆಪರೇಟರಮ್ಮನ ದನಿ ಕೇಳಿಸುತ್ತಿತ್ತು: ‘ಹೆಲ್ಪ್ ಈಸ್ ಆನ್ ದ ವೇ.’ ನಾದಿನಿ ಕೊನೆಯವರೆಗೂ ನಿಂತು ಕೇಳಿದಳು.

“ಚೆನ್ನಾಗಿ ಬಂದಿದೆ ಅತ್ತಿಗೆ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿದ್ರಲ್ಲ, ನಿಮಗೂ ಸಿಗ್ಲಿ ಅಂತಾನೇ ಸ್ವಲ್ಪ ಜೋರಾಗಿ ಓದ್ತಿದ್ದೆ.”

ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಆಪರೇಟರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾದಿನಿ ತನ್ನ ಲೋಟ, ಬಾಚಣಿಗೆ, ಸ್ವೆಟರು ಎತ್ತಿಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದಳು. ಆಪರೇಟರಮ್ಮನ ಹೊಟ್ಟೆ ಆಗಲೂ ಉರಿಯಿತು, ಅಷ್ಟು ಒಳ್ಳೆಯತನ ತನಗೆ ಯಾಕೆ ಬರಲಿಲ್ಲ ಎಂದು. ಫೋನ್ ರಿಂಗಾಯಿತು. ಎತ್ತಿಕೊಂಡು “ಗುಡ್ ಮಾರ್ನಿಂಗ್” ಎಂದಳು. ಕೊನೆಯ ಪದ ತಾನಾಗಿ ಮೇಲಕ್ಕೆ ಹೋಯಿತು.