ನನ್ನ ವೆಬ್ ಪುಟದಲ್ಲಿ ಅಪ್ಪನ ಹೊಸ ಅಂಚು

ನೆರೆದಿರುವ ಮಹಾಜನಗಳೇ, ಬಯಲಾಟದ ರಾಕ್ಷಸ ವೇಷಧಾರಿ ನಾನು ಹೇಳ್ತೀನಿ, ಕೇಳಿ! ಇವತ್ತು ಹಿಂದೂಪುರದ ಇಂಟರ್ನೆಟ್ ಸೆಂಟರಿನಲ್ಲಿ ನನ್ನ ಮೊಟ್ಟಮೊದಲ ವೆಬ್ ಪುಟ ಏರಿಸಿದೆ. ನನ್ನ ಹೆಸರಿನ ಕೆಳಗೆ, ಅಪ್ಪ ಮಗ್ಗದಿಂದ ಈಗಷ್ಟೇ ಇಳಿಸಿದ ಹೊಸ ಅಂಚಿನ ಸೀರೆಯ ಫೋಟೊ. ಮನೆಗೆ ಬಂದು ಘರ್ಜಿಸಿದೆ: "ಅಪ್ಪಾ, ನಿನ್ನ ಸೀರೇನ ಲೋಕವೇ ನೋಡ್ತದೆ!"

ಅಪ್ಪನ ಮುಖ ಬಿಳಿಚಿಕೊಂಡಿತು. "ಪಕ್ಕದ ಬೀದಿ ಮಗ್ಗದೋರೂ ನೋಡ್ತಾರಾ? ಕಲ್ಯಾಣದುರ್ಗದ ಅಂಗಡಿಗೆ ತೋರಿಸೋಕೆ ಮುಂಚೇನೇ ಡಿಜೈನ್ ಬಿಟ್ಟುಕೊಟ್‌ಬುಟ್ಯಲ್ಲೋ! ಎಷ್ಟು ಜನ ನೋಡವ್ರೆ?"

"ಮೂರು ಅಂತ ಪುಟದಲ್ಲೇ ತೋರಿಸ್ತು. ಎರಡು ಸಲ ನಾನೇ ನೋಡಿದ್ದು."

"ಇನ್ನೊಬ್ಬ ಎವರ್ರಾ, ಯಾರೋ ಅವ್ನು?"

ಗೊತ್ತಿಲ್ಲ, ಮಹಾಜನಗಳೇ! ಎದೆ ಮದ್ದಳೆಯಾಗಿದೆ. ಪಾಸ್‌ವರ್ಡ್ ಬಲ್ಲ ಸೆಂಟರಿನ ಯಜಮಾನರು ಗೋರಂಟ್ಲಕ್ಕೆ ಹೋಗಿದ್ದಾರೆ. ನಾಳೆ ಬೆಳಿಗ್ಗೆ ಅವರು ಬಾಗಿಲು ತೆಗೆಯುತ್ತಲೇ ನುಗ್ಗಿ, ಆ ಸೀರೆಯ ಫೋಟೊ ಅಳಿಸಿ, ಅಲ್ಲಿ ನನ್ನ ರಾಕ್ಷಸ ವೇಷದ್ದು ಹಾಕಿಸ್ತೀನಿ. ಅದನ್ನು ನೋಡಿ ಯಾರೂ ನೇಯಲಾರರು!